ಬಾನೆಟ್ಟಿನ ಮೇಲಿನ ಜೇಡರ ಬಲೆ

ದೇವದುರ್ಗದಲ್ಲಿ ಅಂದು ಘೋರ ಸಂಗತಿಯೊಂದು ಬೆಳಕಿಗೆ ಬಂತು. ನನ್ನ ಕರಿ ಕಾರಿನ ಬಾನೆಟ್ಟಿನ ಮೇಲೆ ಬಿಸಿಲಿಗಷ್ಟೇ ಕಾಣುವ ಸುತ್ತು ಗೀರುಗಳಿದ್ದವು. ದಿನಾ ಒಣ ಬಟ್ಟೆಯಿಂದ ಧೂಳು ಒರೆಸಿದ ನನ್ನ ಶ್ರದ್ಧೆಯ ಫಲವದು.

ಮದುಮಗನಾಗಲಿದ್ದ ತಮ್ಮ ಮಗನನ್ನು ಮಾನ್ವಿಗೆ ಕರೆದೊಯ್ಯಲು ಕಾರು ಕೇಳಬಂದಿದ್ದ ಬಟ್ಟೆ ಅಂಗಡಿಯ ಖಾದರಸಾಬರು ಬಗ್ಗಿ ನೋಡಿದರು.

"ಏನ್ರೀ ಸರ, ಜ್ಯಾಡ ಬಲಿ ಹೆಣದಂಗ ಅದ! ಡಾಕ್ಟರ ಕಾರೇ ಕೇಳ್ತೀನಿ ಬಿಡ್ರಿ."

"ಎರಡು ದಿನ ತಡೀರಿ," ಎಂದೆ.

ರಜೆ ಹಾಕಿ, ಹಳೆಯ ಧೋತರ ಹರಿದು, ಪಾಲಿಶ್ ಹಚ್ಚಿ, ರಟ್ಟೆ ಸೋಲುವವರೆಗೆ ತಿಕ್ಕಿದೆ. ಒಂದು ಗೀರೂ ಉಳಿಯಲಿಲ್ಲ.

ಮತ್ತೆ ಬಂದ ಸಾಬರು ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಟೊಪ್ಪಿಗೆ ಸರಿಮಾಡಿಕೊಂಡರು.

"ಡಾಕ್ಟರ ಕಾರು ಯಾರಿಗೆ ಬೇಕ್ರೀ!"

ಅಷ್ಟು ದೊಡ್ಡ ಪ್ರಶಸ್ತಿ ನನಗೆ ಮತ್ತೆ ಸಿಕ್ಕಿಲ್ಲ.

ಮದುಮಗ ನನ್ನ ಕಾರಿನಲ್ಲೇ ಮಾನ್ವಿಗೆ ಹೋದ. ಹೊರಡುವ ಮುಂಚೆ ಅವರ ಪದ್ಧತಿಯಂತೆ ಬಾನೆಟ್ಟಿನ ತುಂಬ ಹೂವಿನ ಚಾದರ ಹೊದಿಸಿದ್ದರು.