ಅಪ್ಪನ ಮುಖ, ಅಪ್ಪನ ಎದೆ

ಈಗ ಆರೇಳು ತಿಂಗಳಿಂದ ಬೆಳಿಗ್ಗೆ ಕಾಫಿಯ ಪರಿಮಳ ಏಳಬೇಕಾದ ನನ್ನ ಲೋಟದಿಂದ ನೆನೆಸಿಟ್ಟ ಮೆಂತ್ಯದ ವಾಸನೆ ಏಳುತ್ತಿದೆ. ಮೂಗು ಹಿಡಿದು ಕುಡಿಯುವಾಗಲೆಲ್ಲ ನನಗೆ ಮಂಗಳಕ್ಕನ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಪಥ್ಯ, ಔಷಧಿ ಎಲ್ಲ ಅವಳ ಪಾಲಿನದು ಎಂದು ನಾವು ಐವತ್ತು ವರ್ಷ ನಂಬಿಕೊಂಡಿದ್ದೆವು.

ನಮ್ಮದು ಅಜ್ಜಂಪುರ. ಅಪ್ಪನಿಗೆ ದಿನಸಿ ಅಂಗಡಿಯಿತ್ತು. ನಲವತ್ತೆಂಟನೇ ವಯಸ್ಸಿನಲ್ಲಿ, ಯಾರಿಗೋ ತೊಗರಿಬೇಳೆ ತೂಗುತ್ತಿದ್ದವರು ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಎರಡು ವರ್ಷ ಕಳೆದು ಚಿಕ್ಕಪ್ಪನೂ ಹಾಗೆಯೇ ಹೋದರು. ಇಬ್ಬರು ಮಕ್ಕಳನ್ನು ಕಳೆದುಕೊಂಡ ಅಜ್ಜಿ ಒಂದು ದಿನ ನನ್ನನ್ನೂ ಅಕ್ಕನನ್ನೂ ಎದುರಿಗೆ ನಿಲ್ಲಿಸಿಕೊಂಡು ತೀರ್ಪು ಕೊಟ್ಟಳು.

"ಮಂಗಳಿ ಅಪ್ಪನ ಅಚ್ಚು. ಅದೇ ಹಣೆ, ಅದೇ ಮೂಗು. ಎದೇನೂ ಅದೇ ಇರ್ತದೆ. ಇವನು ದೇವನೂರು ಕಡೆಯೋನು, ಇವನಿಗೇನಾಗಲ್ಲ."

ದೇವನೂರು ಅಮ್ಮನ ತವರು. ಅಲ್ಲಿಯ ತಾತ ತೊಂಬತ್ತು ದಾಟಿದ ಮೇಲೂ ಹಲ್ಲಿನಲ್ಲೇ ಕಬ್ಬು ಸಿಗಿಯುತ್ತಿದ್ದರು. ನನ್ನದು ಅವರ ಮೂಗು. ಹಾಗಾಗಿ ಊಟಕ್ಕೆ ಕೂತರೆ ನನಗೆ ತುಪ್ಪ, ಅಕ್ಕನಿಗೆ ನೀರುಮಜ್ಜಿಗೆ.

ಮುಂದೆ ನಾನು ಕಡೂರಿನಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರಾದೆ. ಬೋರ್ಡಿನ ಮೇಲೆ ಬಟಾಣಿ ಗಿಡ ಬರೆದು, ಹೂವಿನ ಬಣ್ಣದ ಗುಣವೇ ಬೇರೆ, ಬೀಜದ ಸುಕ್ಕಿನ ಗುಣವೇ ಬೇರೆ, ಒಂದನ್ನು ನೋಡಿ ಇನ್ನೊಂದನ್ನು ಹೇಳಬಾರದು ಎಂದು ಮೂವತ್ತು ವರ್ಷ ಪಾಠ ಮಾಡಿದೆ. ಸಂಜೆ ಮನೆಗೆ ಬಂದು, ತಾತನ ಮೂಗಿನ ಭರವಸೆಯ ಮೇಲೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದೆ. ಪಾಠ ಮಕ್ಕಳಿಗಿರುತ್ತದಲ್ಲ, ಮೇಷ್ಟ್ರಿಗೆಲ್ಲಿರುತ್ತದೆ?

ಜೀನ್ ಪರೀಕ್ಷೆ ಹೊಸದಾಗಿ ಬಂದಿದ್ದು ಅಂತ ಈಗಿನವರು ಅಂದುಕೊಂಡಿದ್ದಾರೆ. ನೀವೇ ನೆನಪು ಮಾಡಿಕೊಳ್ಳಿ, ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮಾಡುತ್ತಿದ್ದುದೇನು? ಮೂರ್ಛೆರೋಗ ಯಾರಿಗಿತ್ತು, ತೊನ್ನು ಯಾರಿಗಿತ್ತು, ಯಾವ ಮುತ್ತಜ್ಜ ಎಷ್ಟಕ್ಕೆ ಹೋದ ಎಂದು ಮೂರು ತಲೆಮಾರು ಜಾಲಾಡಿ, ಒಂದು ತಟ್ಟೆ ಉಪ್ಪಿಟ್ಟು ಮುಗಿಯುವಷ್ಟರಲ್ಲಿ ವರದಿ ಸಿದ್ಧಮಾಡುತ್ತಿದ್ದರು.

ಅಕ್ಕನಿಗೆ ಇಪ್ಪತ್ತೆರಡಾಗಿದ್ದಾಗ ತರೀಕೆರೆಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ರೈಲ್ವೆಯಲ್ಲಿ ಕೆಲಸ, ಮೆಲುಮಾತಿನವನು. ಅಕ್ಕ ಒಳಗೆ ಬಂದು ಅಮ್ಮನ ಕಿವಿಯಲ್ಲಿ "ಆಗ್ಲಿ" ಅಂದೂ ಆಗಿತ್ತು. ಅಷ್ಟರಲ್ಲಿ ಹುಡುಗನ ತಾಯಿ ಗೋಡೆಯ ಮೇಲಿದ್ದ ಅಪ್ಪನ ಫೋಟೋ ನೋಡಿದರು, ಅಕ್ಕನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು.

"ಯಜಮಾನ್ರು ಎಷ್ಟಕ್ಕೆ ಹೋದ್ರು?"

"ನಲವತ್ತೆಂಟಕ್ಕೆ," ಅಂದಳು ಅಮ್ಮ.

ಆಕೆ ಅರ್ಧ ಕುಡಿದ ಕಾಫಿ ಕೆಳಗಿಟ್ಟರು. ವಾರದಲ್ಲಿ ಕಾಗದ ಬಂತು, ಜಾತಕ ಕೂಡಿಬರಲಿಲ್ಲವಂತೆ. ಜಾತಕವನ್ನು ಅವರು ನಮ್ಮಿಂದ ಕೇಳಿಯೇ ಇರಲಿಲ್ಲ.

ಆಮೇಲೆ ಅಕ್ಕ ಯಾರ ಮುಂದೆಯೂ ಬಂದು ಕೂರಲಿಲ್ಲ. "ಇನ್ನೊಬ್ರ ಮನೆ ಸೇರಿ, ಅರ್ಧಕ್ಕೆ ಬಿಟ್ಟು ಹೋಗೋದ್ಯಾಕೆ, ಬಿಡಮ್ಮ" ಅಂದುಬಿಟ್ಟಳು. ಬುಕ್ಕಾಂಬುಧಿಯಲ್ಲಿ ಪ್ರೈಮರಿ ಶಾಲೆಯ ಟೀಚರಾಗಿ ಸೇರಿ, ನಿವೃತ್ತಿಯಾಗುವವರೆಗೂ ಕೆರೆ ಏರಿಯ ಮೇಲೆ ನಡೆದೇ ಶಾಲೆಗೆ ಹೋದಳು. ಕರಿದದ್ದು ಮುಟ್ಟಲಿಲ್ಲ. ನಲವತ್ತೆಂಟು ತುಂಬಿದ ವರ್ಷ ತನ್ನ ರೇಷ್ಮೆ ಸೀರೆಗಳನ್ನೆಲ್ಲ ನನ್ನ ಹೆಂಡತಿಗೂ ಪಕ್ಕದ ಮನೆಯವರಿಗೂ ಹಂಚಿ ಕಾದು ಕೂತಳು. ಏನೂ ಆಗಲಿಲ್ಲ. ಐವತ್ತಾಯಿತು, ಅರವತ್ತಾಯಿತು. ಕೊಟ್ಟ ಸೀರೆ ವಾಪಸ್ ಕೇಳುವುದು ಹೇಗೆ? ನೂಲಿನ ಸೀರೆಯಲ್ಲೇ ಉಳಿದಳು.

ಹೋದ ವರ್ಷ, ಕಡೂರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ನನ್ನ ಮಗ ಪ್ರಸನ್ನ ಎರಡು ಡಬ್ಬಿ ತಂದ. ಅದರೊಳಗಿನ ಟ್ಯೂಬಿಗೆ ಎಂಜಲು ತುಂಬಿ ಕಳಿಸಿದರೆ ಹೃದಯ, ಸಕ್ಕರೆ ಮುಂತಾದ ಕಾಯಿಲೆಗಳ ಅಪಾಯ ಯಾರಿಗೆ ಎಷ್ಟಿದೆ ಎಂದು ಹೇಳುತ್ತಾರಂತೆ. ಅಕ್ಕನಿಗೆ ಹೇಳಿಕಳಿಸಿದೆವು. ನಿಜ ಹೇಳಬೇಕೆಂದರೆ ಪರೀಕ್ಷೆ ಅವಳಿಗೆ. ನಾನು ಧೈರ್ಯ ತುಂಬಲು ಜೊತೆಗಿದ್ದವನು. ಅವಳು ಎರಡು ನಿಮಿಷದಲ್ಲಿ ಟ್ಯೂಬು ತುಂಬಿಸಿಟ್ಟಳು. ನನ್ನ ಬಾಯಿ ಒಣಗಿಹೋಗಿತ್ತು.

"ಹುಣಸೆಕಾಯಿ ನೆನೆಸ್ಕೊಳ್ಳೋ," ಅಂದಳು ಅಕ್ಕ.

ಐದಾರು ವಾರಕ್ಕೆ ವರದಿ ಪ್ರಸನ್ನನ ಫೋನಿಗೆ ಬಂತು. ಅವನು ಓದಿದ, ಮತ್ತೊಮ್ಮೆ ಓದಿದ. ಅಕ್ಕನಿಗೆ ಹೃದಯದ ಅಪಾಯ ಸರಾಸರಿಗಿಂತ ಕಡಿಮೆ. ನನಗೆ ಹೃದಯವೂ ಹೆಚ್ಚು, ಸಕ್ಕರೆಯೂ ಹೆಚ್ಚು.

"ಟ್ಯೂಬು ಅದಲುಬದಲಾಗಿದೆ ಕಣೋ," ಅಂದೆ ನಾನು, ವಿಜ್ಞಾನದ ಮೇಷ್ಟ್ರು.

"ಒಂದ್ರಲ್ಲಿ ಗಂಡಸು ಅಂತಿದೆ, ಒಂದ್ರಲ್ಲಿ ಹೆಂಗಸು ಅಂತಿದೆ ಅಪ್ಪ. ಹೆಂಗೆ ಬದಲಾಗ್ತದೆ?"

ಅಕ್ಕ ಫೋನು ಇಸಿದುಕೊಂಡು ತನ್ನ ಹೆಸರಿನ ಮುಂದಿದ್ದ ಹಸಿರು ಬಣ್ಣದ ಸಾಲನ್ನೇ ಬಹಳ ಹೊತ್ತು ನೋಡಿದಳು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಫೋನನ್ನು ಮೆಲ್ಲಗೆ ಕೆಳಗಿಟ್ಟು, "ಹಂಗಾದ್ರೆ ನಾನು ಯಾತಕ್ಕೆ ಹೆದರಿಕೊಂಡಿದ್ದೆ?" ಅಂದಳು. ನನ್ನ ಹೆಂಡತಿ ಎದ್ದು ಒಳಗೆ ಹೋದಳು; ಅವಳು ಆವತ್ತು ಉಟ್ಟಿದ್ದು ಅಕ್ಕ ಕೊಟ್ಟ ಸೀರೆ.

ಮಾರನೇ ದಿನ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅವರು ನನ್ನ ಹಳೇ ವಿದ್ಯಾರ್ಥಿ. "ಇದು ಹಣೆಬರಹ ಅಲ್ಲ ಸಾರ್. ಅಪಾಯ ಎಷ್ಟಿರಬಹುದು ಅನ್ನೋ ಒಂದು ಅಂದಾಜು, ಅಷ್ಟೆ. ಊಟ, ಓಡಾಟ ಎಲ್ಲಾ ಲೆಕ್ಕಕ್ಕೆ ಬರ್ತದೆ. ನೀವು ರಕ್ತ ಪರೀಕ್ಷೆ ಮಾಡಿಸಿ ಎಷ್ಟು ದಿನ ಆಯ್ತು?" ಎಂದರು. ಮಾಡಿಸಿಯೇ ಇರಲಿಲ್ಲ. ಮಾಡಿಸಿದರೆ ಸಕ್ಕರೆ ಆಗಲೇ ಬಂದು ಕೂತಿತ್ತು.

ಅಕ್ಕ ಕೇಳಿದಳು: "ನಾನು ಇಷ್ಟು ದಿನ ಉಳಿದಿದ್ದು ಪಥ್ಯದಿಂದ್ಲೋ, ಇಲ್ಲಾ ನನಗೆ ಏನೂ ಇರ್ಲೇ ಇಲ್ವೋ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಅದನ್ನ ಬಿಡಿಸಿ ಹೇಳೋ ಪರೀಕ್ಷೆ ಇನ್ನೂ ಬಂದಿಲ್ಲಮ್ಮ."

ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಅವಳು ಒಂದು ಸಲ ನಕ್ಕಳು. "ಅಜ್ಜಿ ಹೇಳಿದ್ದೇ ಸರಿಯಾಗಿದ್ದಿದ್ರೆ ಚೆನ್ನಾಗಿತ್ತು ಕಣೋ. ನಾನು ಬಿಟ್ಟಿದ್ದೆಲ್ಲ ಲೆಕ್ಕಕ್ಕೆ ಸಿಗ್ತಿತ್ತು." ನಾನು ಅವಳ ಕೈಚೀಲ ಹಿಡಿದುಕೊಂಡೆ. ಅವತ್ತು ನನಗೆ ಮಾಡಲು ತಿಳಿದಿದ್ದು ಅಷ್ಟೆ.

ಆರು ತಿಂಗಳು ಅವಳು ಆ ವಿಷಯ ಎತ್ತಲಿಲ್ಲ. ಮೊನ್ನೆ ಫೋನು ಮಾಡಿ, "ಪಂಚನಹಳ್ಳಿಗೆ ಬಾರೋ, ನಿಂಗೂ ನಡೆದಾಡಿದಂಗೆ ಆಯ್ತದೆ" ಅಂದಳು. ಅಲ್ಲಿ ಅವಳ ಪಾಲಿನ ಒಂದೆಕರೆ ಜಮೀನಿದೆ, ಬಹಳ ವರ್ಷದಿಂದ ಬೀಳುಬಿಟ್ಟಿದ್ದು. ಹೋದೆ. ಬೋರ್‌ವೆಲ್ಲಿಗೆ ಹೊಸ ಮೋಟರು ಕೂರಿಸಿದ್ದಳು, ಗುಂಡಿ ತೋಡಿಸಿದ್ದಳು. ನರ್ಸರಿಯವನು ತೆಂಗಿನ ಸಸಿ ತುಂಬಿಕೊಂಡು ಬಂದು ನಿಂತಿದ್ದ. ಅರವತ್ತಾರು ವರ್ಷದ ಅವಳನ್ನೂ, ಬದುವಿನ ಮೇಲೆ ಏದುಸಿರು ಬಿಡುತ್ತಾ ಕೂತ ನನ್ನನ್ನೂ ನೋಡಿ ಅವನಿಗೆ ಕನಿಕರ ಬಂದಿರಬೇಕು.

"ಗಿಡ್ಡ ತಳಿ ತಗೊಳ್ಳಮ್ಮ, ಮೂರ್ನಾಕು ವರ್ಷಕ್ಕೆ ಕಾಯಿ ಬಿಡ್ತದೆ. ಈ ಎತ್ತರದ್ದು ಏಳೆಂಟು ವರ್ಷ ಕಾಯಿಸ್ತದೆ."

"ಎತ್ತರದ್ದೇ ಇಳಿಸಪ್ಪ," ಅಂದಳು ಅಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ. "ನನಗೇನು ಅವಸರ?"