ಅತ್ತೆ ಕಾಲು ಚಾಚಿ ಮಲಗಿದ ದಿನ

ಗೆಳತಿಯರೇ, ಇವತ್ತು ನಮ್ಮತ್ತೆ ಸತ್ತೇಹೋದರು ಅಂದುಕೊಂಡೆ!

ನಿಜಾಮರ ಪರ ದಾಳಿ ಮಾಡುತ್ತಿದ್ದ ರಜಾಕಾರರ ಹೆದರಿಕೆಗೆ ಅವರು ತಿಂಗಳುಗಟ್ಟಲೆ ಬಾಗಿಲಿಗೆ ಒರಗಿ, ತೊಡೆಯ ಮೇಲೆ ಬಟ್ಟೆಯ ಗಂಟಿಟ್ಟುಕೊಂಡು ಕೂತೇ ತೂಕಡಿಸಿದವರು. ಸದ್ದಾದರೆ ತುಂಗಭದ್ರೆ ದಾಟಿ ಕರ್ನೂಲಿಗೆ ಓಡಬೇಕಲ್ಲ! ನಿಜಾಮರು ಸೋಲೊಪ್ಪಿದರೆಂದು ನಿನ್ನೆ ನಮ್ಮ ಗದ್ವಾಲಿಗೆ ಸುದ್ದಿ ಬಂತು. ಇವತ್ತು ಬಿಸಿಲು ಮಗ್ಗದ ಮೇಲೆ ಬಿದ್ದರೂ ಅತ್ತೆ ಏಳಲಿಲ್ಲ. ನಡುಮನೆಯಲ್ಲಿ ಕಾಲು ಚಾಚಿ ಮಲಗಿದ್ದಾರೆ, ಕರೆದರೆ ಓಗೊಡುತ್ತಿಲ್ಲ. ಓಡಿಹೋಗಿ ಪಕ್ಕದ ಮುಸಲ್ಮಾನರ ಓಣಿಯ ಹಕೀಮರನ್ನು ಕರೆತಂದೆ.

ಹಕೀಮರು ನಾಡಿ ಹಿಡಿದು ನಕ್ಕರು. "ಏನೂ ಆಗಿಲ್ಲವ್ವಾ, ನಿದ್ದಿ ಹತ್ತೈತಿ. ಮನುಷ್ಯಾಗ ದಿನಾ ಏಳೆಂಟು ತಾಸು ನಿದ್ದಿ ಬೇಕು."

ಅತ್ತೆ ಕಣ್ಣು ಬಿಡದೆಯೇ ಗದರಿದರು. "ಹಂಗಾದ್ರ ಎಬ್ಬಿಸಾಕ ಯಾಕ ಬಂದ್ರಿ? ನೀವು ಮಲಗಿ ಎಷ್ಟು ದಿನ ಆತ್ರಿ, ಹಕೀಮ ಸಾಬ್?"

ನೋಡಿದರೆ, ಅತ್ತೆಯ ಕೈ ಹಿಡಿದುಕೊಂಡೇ ಹಕೀಮರು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ನಮಗೆ ರಜಾಕಾರರ ಹೆದರಿಕೆ ಮುಗಿಯಿತು. ಹಕೀಮರ ಓಣಿಗೆ ಈಗ ನಮ್ಮವರ ಹೆದರಿಕೆ ಶುರುವಾಗಿದೆ.

"ಅವರನ್ನ ಎಬ್ಬಿಸಬ್ಯಾಡ," ಎಂದು ಅತ್ತೆ ಎದ್ದರು. ಅವರನ್ನು ಮೆಲ್ಲಗೆ ಅಲ್ಲೇ ಮಲಗಿಸಿ, ಓಡಲು ಕಟ್ಟಿಟ್ಟಿದ್ದ ಗಂಟನ್ನೇ ತಲೆಯಡಿ ಇಟ್ಟರು.

ಈಗ ಅತ್ತೆ ಮತ್ತೆ ಬಾಗಿಲಿಗೆ ಒರಗಿ ಕೂತಿದ್ದಾರೆ, ಈ ಸಲ ಹಕೀಮರ ಕಾವಲಿಗೆ. ಸದ್ದಾಗುತ್ತದೆ, ಮಗ್ಗ ಮುಟ್ಟಬೇಡ ಎಂದು ನನಗೆ ತಾಕೀತು ಬೇರೆ. ಹಕೀಮರೇ ಹೇಳಿದ ಲೆಕ್ಕ ಹಿಡಿದರೆ, ಸಂಜೆಯವರೆಗೂ ನನಗೆ ರಜೆ!