ಅರ್ಧ ವಚನಕ್ಕೆ ಅಡ್ಡ ನಿಂತವರು

ಬೆಳಕು ಹರಿಯುವ ಮುಂಚೆಯೇ ಬೀಗದಣ್ಣ ಚರ್ಚಿನ ಸಭಾಮಂದಿರದ ಬಾಗಿಲು ತೆರೆಯುತ್ತಾರೆ. ಒದ್ದೆ ಬಟ್ಟೆ ಹಿಡಿದು ಬೆಂಚುಗಳನ್ನು ಒರೆಸುತ್ತಾರೆ. ಹೆಚ್ಚಿನವುಗಳ ಮೇಲೆ ಈಗ ಯಾರೂ ಕೂರುವುದಿಲ್ಲ. ಕಿಟಕಿ ಪಕ್ಕದ ಬೆಂಚಿನ ಬಳಿ ಕೈ ತುಸು ನಿಧಾನವಾಗುತ್ತದೆ. ಅದು ತಂಗಿಯ ಜಾಗ.

ಹಗಲೆಲ್ಲ ಅಂಗಡಿಯಲ್ಲಿ ಬೀಗ ರಿಪೇರಿ. ಉಳಿದ ಹೊತ್ತು ಅವರು ಈ ಚರ್ಚಿನ ಸಭಾಹಿರಿಯರು. ಈ ಹಿರಿತನ ವಯಸ್ಸಿನಿಂದ ಬಂದದ್ದಲ್ಲ. ನಾಲ್ಕು ವರ್ಷ ಸಂಜೆ ತರಗತಿಯಲ್ಲಿ ದೇವಶಾಸ್ತ್ರ ಓದಿ, ಪರೀಕ್ಷೆ ಬರೆದು, ಸಭೆಯ ಎದುರು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಪಡೆದದ್ದು. "ಒಳ್ಳೆ ಮನಸ್ಸಿದ್ರೆ ಸಾಕು ಅಂತಾರೆ. ಮನಸ್ಸು ಒಳ್ಳೇದು ಅಂತ ಯಾರ ಹತ್ರಾನಾದ್ರೂ ಹೋಗಿ ಹಲ್ಲು ಕೀಳಿಸ್ಕೋತೀರಾ?" ಎನ್ನುತ್ತಾರೆ.

ಹೊರಗಿನಿಂದ ಬೋಧಕರು ಬಂದರೆ ಹಿಂದಿನ ಸಂಜೆಯೇ ಕೂರಿಸಿಕೊಂಡು, ಅವರು ಆರಿಸಿದ ಬೈಬಲ್ ವಚನವಿರುವ ಇಡೀ ಅಧ್ಯಾಯವನ್ನು ಗಟ್ಟಿಯಾಗಿ ಓದಿಸುವುದು ಬೀಗದಣ್ಣನ ಪದ್ಧತಿ. "ಸುಳ್ಳು ಬೋಧನೆ ಸುಳ್ಳಿನ ವೇಷದಲ್ಲಿ ಬರಲ್ಲ. ಅರ್ಧ ವಚನ ಹಿಡ್ಕೊಂಡು ಬರುತ್ತೆ."

ಕಳೆದ ವರ್ಷ ಒಬ್ಬ ಬೋಧಕ ತಡವಾಗಿ ಬಂದ. ಓದಿಸಲು ಹೊತ್ತಿರಲಿಲ್ಲ. ಬೋಧನೆಗೆ ನಿಂತು ಅರ್ಧ ವಚನ ಓದಿ, ನಂಬಿಕೆ ಇರುವವರಿಗೆ ಔಷಧಿ ಯಾಕೆ, ಎಸೆಯಿರಿ ಎಂದ. ಬೀಗದಣ್ಣ ಎದ್ದುಹೋಗಿ ಮೈಕ್ ಬಂದ್ ಮಾಡಿದರು.

"ಸ್ವರ್ಗಕ್ಕೂ ನಿಂದೇ ಬೀಗಾನಾ?" ಹಿಂದಿನಿಂದ ಯಾರೋ ಕೂಗಿದರು.

ಮುಕ್ಕಾಲು ಪಾಲು ಜನ ಬೋಧಕನ ಬೆನ್ನುಹತ್ತಿ ಎದುರು ಬೀದಿಯ ಗೋದಾಮಿನಲ್ಲಿ ಶುರುವಾದ ಹೊಸ ಸಭೆಗೆ ಹೋದರು. ಸಕ್ಕರೆ ಕಾಯಿಲೆಯ ತಂಗಿಯೂ ಹೋದಳು, ಇನ್ಸುಲಿನ್ ಬಿಟ್ಟು. ಅಂಗಡಿಗೆ ಬರುವ ಸಭೆಯ ಹಳಬರು ಈಗ ಕೀಲಿ ಕೊಟ್ಟು, ಅವರ ಮುಖ ನೋಡದೆ ರಸ್ತೆಯ ಕಡೆ ನೋಡುತ್ತಾ ನಿಲ್ಲುತ್ತಾರೆ.

ಬೆಂಚು ಒರೆಸಿದ ಮೇಲೆ ಅವರು ತಣ್ಣನೆಯ ಫ್ಲಾಸ್ಕಿನಲ್ಲಿ ಇನ್ಸುಲಿನ್ ಇಟ್ಟುಕೊಂಡು ತಂಗಿಯ ಮನೆಗೆ ನಡೆಯುತ್ತಾರೆ. ಎಂಥ ಬೀಗವನ್ನೂ ತೆಗೆಯಬಲ್ಲ ಕೈ ಅಲ್ಲಿ ಬಾಗಿಲು ತಟ್ಟಿ ಸುಮ್ಮನಾಗುತ್ತದೆ.

"ಮತ್ತೆ ಬಂದ್ಯಾ? ನಿನ್ ಅಪನಂಬಿಕೇನ ನೀನೇ ಇಟ್ಕೋ, ಅಣ್ಣ!"

"ಇಟ್ಕೋತೀನಿ, ಮಾರಾಯ್ತಿ. ಕಾಲಿನ ಗಾಯ ಒಣಗ್ತಾ?"

ಬಾಗಿಲು ತೆರೆಯುವುದಿಲ್ಲ. ಫ್ಲಾಸ್ಕನ್ನು ಮೆಟ್ಟಿಲ ಮೇಲಿಟ್ಟು ಬರುತ್ತಾರೆ. ಸಂಜೆ ಅದು ಮುಚ್ಚಳ ಕದಲದೆ ಅಲ್ಲೇ ಇರುತ್ತದೆ.

ಮಂದಿರ ಮತ್ತೆ ತುಂಬಬೇಕೆಂಬ ಆಸೆಯೇ ಎಂದು ಕೇಳಿದರೆ ಅಡ್ಡಡ್ಡ ತಲೆಯಾಡಿಸುತ್ತಾರೆ. "ಅವಳು ಈ ಕಡೆ ಬರೋದೇ ಬೇಡ. ಅಲ್ಲೇ ಕೂತು ನನ್ನ ಬೈಲಿ. ಸೂಜಿ ಚುಚ್ಕೊಂಡು ಬೈಲಿ. ಬೈಯೋಕೂ ಜೀವ ಇರ್ಬೇಕಲ್ಲ."